ದಾರಿಯಲ್ಲಿದ್ದ ರೈಲು

"ರೈಲು ಬರಲ್ವಂತೆ ಕಣೆ ನಯನ! ನಿಲ್ಲಿಸ್ಬಿಟ್ಟಿದ್ದಾರಂತೆ!"

ವನಿತಾ ನಂಜನಗೂಡು ಸ್ಟೇಷನ್ನಿನ ಬಾಗಿಲಿಂದಲೇ ಕೂಗಿದಳು. ಅಷ್ಟರಲ್ಲಿ ಮೈಕು ಗೊರಗುಟ್ಟಿತು. ಮೈಸೂರು ಕಡೆ ಹಳಿಯ ಮೇಲೆ ಮರ ಬಿದ್ದಿದೆಯಂತೆ, ಮುಂದಿನ ಸೂಚನೆ ಬರುವವರೆಗೆ ರೈಲು ಸಂಚಾರ ನಿಲ್ಲಿಸಲಾಗಿದೆಯಂತೆ.

ನಯನಳ ಮುಖ ಸಣ್ಣದಾಯಿತು. ಹನ್ನೊಂದೂವರೆಯ ರೈಲಿಗೆ ಕವಲಂದೆಯಿಂದ ಅಜ್ಜಿ ಬರಬೇಕಿತ್ತು. ಅಜ್ಜಿ ಎಂದರೆ ಮಂಗಳಮ್ಮ, ಅಮ್ಮನ ಅಮ್ಮ. ವಯಸ್ಸು ಅರವತ್ತೆಂಟಾದರೂ ಒಬ್ಬಳೇ ರೈಲು ಹತ್ತಿದವಳಲ್ಲ. "ನಂಗಾಗಾಕಿಲ್ಲ ಕಣವ್ವ, ಎಲ್ಲಿ ಇಳೀಬೇಕೋ ಏನೋ" ಎನ್ನುತ್ತಿದ್ದವಳನ್ನು ಒಪ್ಪಿಸಿದ್ದು ಈ ನಯನಳೇ. ದಸರಾ ರಜೆ ಶುರುವಾದಾಗಿನಿಂದ ದಿನಾ ಸಂಜೆ ಅಮ್ಮನ ಫೋನು ಕಿತ್ತುಕೊಂಡು ಅಜ್ಜಿಗೆ ಪಾಠ ಹೇಳಿದ್ದಳು.

"ಇಂಜಿನ್ ಪಕ್ಕದ ಡಬ್ಬಿ ಹತ್ತು ಅಜ್ಜಿ. ನಂಜನಗೂಡಲ್ಲಿ ಇಳಿ. ಇಳಿದ ಜಾಗದಿಂದ ಅಲ್ಲಾಡ್ಬೇಡ. ನಾನೇ ಬಂದು ಕೈ ಹಿಡ್ಕೋತೀನಿ. ಪ್ರಾಮಿಸ್!"

ಅಲ್ಲಿಂದ ಇಬ್ಬರೂ ದೇವಸ್ಥಾನಕ್ಕೆ ಹೋಗಿ, ಆಮೇಲೆ ಮನೆಗೆ ಬಂದು ಒಟ್ಟಿಗೆ ಉಣ್ಣುವುದೆಂದು ಮಾತಾಗಿತ್ತು. ಅಂದು ಸೋಮವಾರ, ಅಜ್ಜಿಗೆ ಒಪ್ಪತ್ತು, ದಿನಕ್ಕೆ ಒಂದೇ ಊಟ. ಅದೂ ನಂಜುಂಡೇಶ್ವರನಿಗೆ ಕೈಮುಗಿದ ಮೇಲೆ. ಅಲ್ಲಿಯವರೆಗೆ ಒಂದು ತೊಟ್ಟು ನೀರನ್ನೂ ಮುಟ್ಟುವುದಿಲ್ಲ.

"ನಿಮ್ಮಜ್ಜಿ ಮನೆಗೆ ವಾಪಸ್ ಹೋಗಿರ್ತಾರೆ ಬಿಡೆ," ಎಂದಳು ವನಿತಾ. "ನಮ್ಮನೆಗೆ ಬಾ. ನಮ್ ಬೆಕ್ಕು ಮರಿ ಹಾಕಿದೆ, ನಾಲ್ಕು! ಇನ್ನೂ ಕಣ್ಣೇ ಬಿಟ್ಟಿಲ್ಲ."

ಆಗಲೇ ಹೊರಟಿರುವ ರೈಲು ಏನಾಗುತ್ತೆ? ನಯನಳ ತಲೆಯಲ್ಲಿ ಈ ಪ್ರಶ್ನೆ ಒಂದು ಸಲ ಸುಳಿಯಿತು. ಸುಳ್ಳು ಯಾಕೆ ಹೇಳಬೇಕು, ಸುಳಿದದ್ದು ನಿಜ. ಕೇಳಬೇಕೆಂದರೆ ಹತ್ತೇ ಹೆಜ್ಜೆ ದೂರದಲ್ಲಿ ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ಸ್ಟೇಷನ್ನಿನ ದೇವಯ್ಯ ನಿಂತಿದ್ದರು. ಆದರೆ ನಾಲ್ಕು ಬೆಕ್ಕಿನ ಮರಿ! ನಯನಳ ಕಾಲು ಆಗಲೇ ರಸ್ತೆಯ ಕಡೆ ತಿರುಗಿತ್ತು.

ವನಿತಾಳ ಮನೆಯಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮರಿಗಳಿಗೆ ಹೆಸರಿಟ್ಟದ್ದಾಯಿತು. ವನಿತಾಳ ಅಮ್ಮ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಕೊಟ್ಟರು. ಇನ್ನೆರಡು ಹಾಕಲೇನಮ್ಮ ಎಂದಾಗ ನಯನ ಬೇಡವೆನ್ನಲಿಲ್ಲ.

ಎರಡು ಗಂಟೆ ದಾಟಿದ ಮೇಲೆ ಮನೆಗೆ ಬಂದರೆ, ಗಾರ್ಮೆಂಟ್ಸಿನಿಂದ ಆಗ ತಾನೇ ಬಂದಿದ್ದ ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಅಜ್ಜಿ ಎಲ್ಲೇ?"

"ಬರ್ಲಿಲ್ಲ ಅಮ್ಮ. ರೈಲು ನಿಲ್ಲಿಸಿದ್ದಾರೆ."

"ಅದೆಂಗೆ ಬರ್ಲಿಲ್ಲ? ಹನ್ನೊಂದು ಗಂಟೆಗೇ ರೈಲು ಹತ್ತಿಸ್ದೆ ಅಂತ ನಿಮ್ಮಾವ ಮೆಸೇಜ್ ಹಾಕವ್ನಲ್ಲೇ!"

ನಯನ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದಳು.

ಸ್ಟೇಷನ್ನಿನಲ್ಲಿ ರೈಲು ನಿಂತಿತ್ತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಅಂಕಲ್, ಇದು ಯಾವಾಗ ಬಂತು?" ಏದುಸಿರು ಬಿಡುತ್ತಾ ದೇವಯ್ಯನವರನ್ನು ಕೇಳಿದಳು.

"ಆಗ್ಲೇ ಬಂತಲ್ಲವ್ವ, ಹನ್ನೆರಡಕ್ಕೆ."

"ಮತ್ತೆ ಮೈಕಲ್ಲಿ ನಿಲ್ಲಿಸಿದ್ದೀವಿ ಅಂದ್ರಿ?"

"ನಿಲ್ಸಿದ್ದೀವಿ ಅಂದ್ರೆ ಹೊಸ್ದಾಗಿ ಬಿಡಾಕಿಲ್ಲ ಅಂತ ಕಣವ್ವ. ಹೊರಟಿರೋದನ್ನ ಗದ್ದೆ ಮಧ್ಯೆ ಬಿಟ್ಬುಡಕ್ಕಾಯ್ತದಾ? ಒಳಗೆ ಜನ ಇರ್ತಾರಲ್ಲ. ಮೆಲ್ಲಗೆ ಮುಂದಿನ ಟೇಸನ್‌ಗೆ ಕರ್ಕಂಡು ಬಂದು ನಿಲ್ಸ್ತೀವಿ." ದೇವಯ್ಯ ಪ್ಲಾಟ್‌ಫಾರಂ ತುದಿಗೆ ಕೈ ತೋರಿಸಿದರು. "ಅಗೋ, ಆ ಅಜ್ಜಿ ನೋಡು. ನೆಳ್ಳಿಗೆ ಬಾ ತಾಯಿ ಅಂತ ನಾಕು ಸಲ ಕರ್ದೆ. ಬರಾಕಿಲ್ಲ ಅಂತದೆ."

ಅಲ್ಲಿ, ಇಂಜಿನ್ ಪಕ್ಕದ ಡಬ್ಬಿಯ ಎದುರಿಗೆ, ಮೇಲೆ ಚಾವಣಿಯಿಲ್ಲದ ಜಾಗದಲ್ಲಿ ಅಜ್ಜಿ ನಿಂತಿದ್ದಳು. ತಲೆಯ ಮೇಲೆ ಸೆರಗು, ಎರಡೂ ಕೈಯಲ್ಲಿ ಅವುಚಿಕೊಂಡ ಬ್ಯಾಗು. ಎರಡು ಗಂಟೆಗಿಂತ ಹೆಚ್ಚು ಹೊತ್ತು, ಆ ಬಿಸಿಲಿನಲ್ಲಿ.

"ಅಜ್ಜೀ..."

ಅಜ್ಜಿಯ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಮೊಮ್ಮಗಳನ್ನು ಕಂಡದ್ದೇ ಮುಖ ಅರಳಿತು. ಅಯ್ಯೋ, ಬೈದುಬಿಟ್ಟಿದ್ದರೂ ಚೆನ್ನಾಗಿತ್ತು ಎನ್ನಿಸಿತು ನಯನಳಿಗೆ.

"ಎಲ್ಗೂ ಓಗ್ನಿಲ್ಲ ಕಣವ್ವ. ನೀನೇಳ್ದಂಗೆ ಇಳಿದ ತಾವೇ ನಿಂತಿವ್ನಿ. ಸರ್ಯಾಗೇ ಇಳ್ದೆ ತಾನೆ?"

"ಸರಿಯಾಗೇ ಇಳ್ದಿದ್ದೀಯ ಅಜ್ಜಿ. ನಾನೇ..."

"ನೀನು ಏನಾದ್ರೂ ಉಂಡ್ಯಾ?" ಎಂದಳು ಅಜ್ಜಿ.

ಬಜ್ಜಿಯ ಖಾರ ಇನ್ನೂ ಬಾಯಲ್ಲೇ ಇತ್ತು. ನಯನ ಅಜ್ಜಿಯ ಸೊಂಟ ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟಳು.

ಅಮ್ಮ ಓಡಿ ಬಂದು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು. "ಮಗೀಗೆ ಏನೂ ಅನ್ಬ್ಯಾಡ ಕಣೆ. ರೈಲೇ ತಡವಾಗಿ ಬಂತು. ಈಗಿನ್ನೂ ಇಳ್ದೆ."

ಅಜ್ಜಿ ಸುಳ್ಳು ಹೇಳಿದ್ದನ್ನು ನಯನ ಕೇಳಿದ್ದು ಅದೇ ಮೊದಲು.

ಒಂದು ವಾರವಿದ್ದು ಅಜ್ಜಿ ಹೊರಟಳು. ರೈಲು ಬಂದು ನಿಂತಾಗ ನಯನ ಅಜ್ಜಿಯನ್ನು ಇಂಜಿನ್ ಪಕ್ಕದ ಡಬ್ಬಿಗೇ ಹತ್ತಿಸಿ, ಕಿಟಕಿಯ ಬಳಿ ಬಂದು ಕೇಳಿದಳು. "ದೀಪಾವಳಿಗೂ ಒಬ್ಬಳೇ ಬರ್ತೀಯಲ್ವಾ ಅಜ್ಜಿ?"

ಅಜ್ಜಿ ಸ್ವಲ್ಪ ಹೊತ್ತು ಬ್ಯಾಗಿನ ಹಿಡಿ ಸರಿಮಾಡಿಕೊಂಡಳು. "ನೋಡಾನ ಕಣವ್ವ. ನಿಮ್ಮಾವಂಗೆ ಬಿಡುವಾದ್ರೆ ಅವ್ನೇ ಕರ್ಕಂಡು ಬತ್ತಾನೆ."

 ಪ್ರಾಮಿಸ್ ಎನ್ನುವ ಮಾತು ನಯನಳ ಬಾಯಿಗೆ ಬಂದಿತ್ತು, ಅದನ್ನು ನುಂಗಿಕೊಂಡಳು.

ರೈಲು ಹೊರಟಿತು. ಕೊನೆಯ ಡಬ್ಬಿಯೂ ಮರೆಯಾಯಿತು. ಜನ ಒಬ್ಬೊಬ್ಬರಾಗಿ ಕರಗಿದರು.

"ಹೊರಟೋಯ್ತಲ್ಲ, ಬಾರೆ!" ವನಿತಾ ಕೈ ಎಳೆದಳು. "ಮರಿಗಳು ಕಣ್ಣು ಬಿಟ್ಟಿವೆ, ನೋಡೋಣ ಬಾ."

ನಯನ ಅಂದು ಅಜ್ಜಿ ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಕೈಯಲ್ಲಿ ಅಮ್ಮನ ಫೋನಿತ್ತು. ಕವಲಂದೆಯಲ್ಲಿ ಅಜ್ಜಿ ಇಳಿದ ಕೂಡಲೇ ಫೋನು ಮಾಡಬೇಕೆಂದು ಮಾವನಿಗೆ ಎರಡು ಸಲ ಹೇಳಿದ್ದಳು.

"ನೀನು ಹೋಗಿರು ವನಿತಾ," ಎಂದಳು. "ಅಜ್ಜಿ ಇನ್ನೂ ದಾರೀಲಿದ್ದಾಳೆ."