ದೇವಲಾಪುರದ ಮಡಚು ಚಾಕು

ಚಿಕ್ಕಸ್ವಾಮಿಯವರನ್ನು ಮೊದಲು ಕಂಡದ್ದು ಅವರ ಹೆಂಡತಿ ಪುಟ್ಟತಾಯಮ್ಮ. ಬೆಳಿಗ್ಗೆ ಒಂಬತ್ತೂವರೆ. ಕೊಟ್ಟಿಗೆ ಬಾಚಿ, ಕೈಕಾಲು ತೊಳೆದು, ಗಂಡನಿಗೆ ಎರಡನೆಯ ಕಾಫಿ ಹಿಡಿದು ಚಾಕುಗಳ ಕೋಣೆಗೆ ಹೋದರು. ಗಾಜಿನ ಬೀರು ತೆರೆದಿತ್ತು. ಅದರ ಬುಡದಲ್ಲಿ ಅವರು ಮಗ್ಗುಲಾಗಿ ಬಿದ್ದಿದ್ದರು. ಹೊಟ್ಟೆ ಒತ್ತಿ ಹಿಡಿದ ಬೆರಳುಗಳ ಸಂದಿಯಿಂದ ರಕ್ತ ಇಳಿದು ನೆಲದ ಮೇಲೆ ಹರಡಿತ್ತು. ರೆಡ್ ಆಕ್ಸೈಡ್ ನೆಲ. ನೆಲವೂ ಕೆಂಪು, ರಕ್ತವೂ ಕೆಂಪು — ಕಾಲು ಜಾರಿದ ಮೇಲೆಯೇ ಆಕೆಗೆ ಗೊತ್ತಾದದ್ದು.

ಉಸಿರಿತ್ತು. ಮಾತಿರಲಿಲ್ಲ.

ಆಕೆಯ ಕೂಗಿಗೆ ಕೇರಿಯೇ ಓಡಿಬಂತು. ಹಿತ್ತಲಿನಿಂದ ಕರಿಯಯ್ಯನೂ ಓಡಿಬಂದ. ದೇವಲಾಪುರದಲ್ಲಿ ಕುಲುಮೆ ಇಟ್ಟುಕೊಂಡು ಕೈಯಿಂದಲೇ ಮಡಚು ಚಾಕು ಮಾಡುವ ಕರಿಯಯ್ಯ. ಅವತ್ತು ಬೆಳಿಗ್ಗೆ ಹೊಸ ಚಾಕೊಂದನ್ನು ತಂದುಕೊಟ್ಟು, ಹಿತ್ತಲಲ್ಲಿ ಕೂತು ಮನೆಯ ಈಳಿಗೆಮಣೆಗೆ ಸಾಣೆ ಹಿಡಿಯುತ್ತಿದ್ದ. ಪೊಲೀಸರು ಬಂದು, ಜಗಲಿಯ ಮೇಲಿದ್ದ ಅವನ ಬಟ್ಟೆಚೀಲ ಕೊಡವಿದರು. ಅದೇ ಹೊಸ ಚಾಕು ಕೆಳಗೆ ಬಿತ್ತು, ಮಡಚಿದ್ದು. ಬಿಡಿಸಿದರೆ ಅಲಗಿನ ತುಂಬ ರಕ್ತ.

ಜೀಪು ಹತ್ತಿಸಲು ಇನ್ನೇನು ಬೇಕು?

ಇದೆಲ್ಲ ನನಗೆ ತಿಳಿದದ್ದು ಮಾರನೆಯ ದಿನ. ನಾನು ಕುಮಾರ್, ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟವನು. ರಕ್ತ ಕಂಡರೆ ಕಣ್ಣು ಕತ್ತಲೆ ಬರುವ ಮನುಷ್ಯ. ಇದನ್ನು ಮುಚ್ಚಿಟ್ಟು ನನಗೇನೂ ಆಗಬೇಕಾಗಿಲ್ಲ. ಇಂಥ ನಾನು ಈ ರಗಳೆಗೆ ಸಿಕ್ಕಿಕೊಂಡದ್ದು ಸಿದ್ದಲಿಂಗಮ್ಮನಿಂದ. ಪೊಲೀಸ್ ಇಲಾಖೆಯಲ್ಲಿ ಮೂವತ್ತಾರು ವರ್ಷ ಕಳೆದು ನಿವೃತ್ತರಾದ ಹೆಂಗಸು. ದಿನಾ ಬೆಳಿಗ್ಗೆ ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನನ್ನ ಪೇಪರ್ ಓದಿ, ನನ್ನ ಕಾಫಿಯನ್ನೂ ಕುಡಿದು ಹೋಗುತ್ತಾರೆ.

ಅವತ್ತು ಒಬ್ಬ ಹುಡುಗಿ ಆಧಾರ್ ಕಾರ್ಡಿನ ಜೆರಾಕ್ಸ್ ಬೇಕೆಂದು ಬಂದಳು. ವಕೀಲರಿಗೆ ಕೊಡಬೇಕಂತೆ. ಕಾರ್ಡು ಚಾಚಿದಳು.

"ಯಾರದವ್ವಾ ಇದು?" ಸಿದ್ದಲಿಂಗಮ್ಮ ಕನ್ನಡಕದ ಮೇಲಿಂದ ಕೇಳಿದರು.

"ನಮ್ಮಪ್ಪಂದು. ಕರಿಯಯ್ಯ ಅಂತ. ನಾನು ರಂಜಿತ." ಅಷ್ಟಕ್ಕೇ ಅಳು ಬಂತು. "ನಮ್ಮಪ್ಪ ಮಾಡಿಲ್ಲ ಅಕ್ಕಾ. ಚಿಕ್ಕಸ್ವಾಮೋರು ಉಳೀನಿಲ್ಲ ಅಂದ್ರೆ ಕೊಲೆ ಕೇಸಾಯ್ತದಂತೆ. ನಮ್ಮಪ್ಪ ಮತ್ತೆ ಮನೀಗ್ ಬರಾಕಿಲ್ಲ."

ಸಿದ್ದಲಿಂಗಮ್ಮ ಪೇಪರ್ ಮಡಚಿದರು. "ಕುಮಾರ, ಗಾಡಿ ತೆಗಿ ಕಣ್ಲಾ."

ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳುವ ಧೈರ್ಯ ನನಗೆಂದೂ ಬಂದಿಲ್ಲ.

ಚಿಕ್ಕಸ್ವಾಮಿಯವರ ಮನೆ ಪಾಂಡವಪುರ ದಾಟಿ ಮೇಲುಕೋಟೆ ದಾರಿಯ ಒಂದು ಊರಿನಲ್ಲಿ. ನೆಲ ತೊಳೆದಿದ್ದರೂ ಕೋಣೆಗೆ ಕಾಲಿಡಲು ನನಗೆ ಮನಸ್ಸಾಗಲಿಲ್ಲ. ಬೀರುವಿನೊಳಗೆ ಅರವತ್ತೆರಡು ಮಡಚು ಚಾಕುಗಳು ಹಸಿರು ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಬೀಟೆಯ ಹಿಡಿ, ಹುಣಸೆ ಕೊರಡಿನ ಹಿಡಿ, ತೆಂಗಿನ ಚೇಗಿನ ಹಿಡಿ. ಒಂದರಂತೆ ಇನ್ನೊಂದಿಲ್ಲ. ಮರದಲ್ಲಿ ಹಿತ್ತಾಳೆ ಮೊಳೆ ಎಲ್ಲಿ ಮುಗಿಯಿತೆಂದು ಉಗುರಿಗೆ ಸಿಗದಷ್ಟು ನುಣುಪು. ಹೆದರಿಕೆಯ ನಡುವೆಯೂ ನನ್ನ ಬಾಯಿಂದ "ಆಹಾ" ಅಂತ ಬಂದುಬಿಟ್ಟಿತು.

"ದಿನಾ ಒಂದೊಂದು ತೆಗೆದು, ಕಿವಿ ತಾವ ಇಟ್ಕಂಡು ಮಡಚೋರು," ಅಂದರು ಪುಟ್ಟತಾಯಮ್ಮ. "ಶಬ್ದದಲ್ಲೇ ಮಾಡ್ದೋನ ಕೈ ಗೊತ್ತಾಯ್ತದೆ ಅನ್ನೋರು."

ಹಸಿರು ಬಟ್ಟೆಯ ನಡುವೆ ಒಂದು ಗುಂಡಿ ಖಾಲಿ ಇತ್ತು.

"ಇಲ್ಲಿದ್ದದ್ದು?" ಸಿದ್ದಲಿಂಗಮ್ಮ ಕೇಳಿದರು.

"ಎಮ್ಮೆಕೊಂಬಿನ ಹಿಡೀದು. ಕರಿಯಯ್ಯನ ಅಪ್ಪ ಮುದ್ದಯ್ಯ ಮಾಡಿದ್ದು. ನಮ್ಮನೆಯವ್ರು ಮೊದಲು ಕೊಂಡಿದ್ದೇ ಅದು. ಹೋದ ವಾರ 'ನಮ್ಮಪ್ಪನ ಚಾಕು ಕೊಟ್ಬುಡಿ' ಅಂತ ಕರಿಯಯ್ಯ ಗಟ್ಟಿಯಾಗ್ ಕೂಗಾಡ್ದ. ನಿನ್ನೆ ಅದು ಮಾಯ. ಅವ್ನ ಚೀಲದಲ್ಲಿ ಸಿಗ್ಲಿಲ್ಲ. ಎಲ್ಲಿ ಹೂತವ್ನೋ!"

"ನೀವು ಎಲ್ಲಿದ್ರಿ?"

"ಕೊಟ್ಟಿಗೇಲಿ. ಕಿವಿ ತಾವಲೇ ಪಕ್ಕದ ಹಿಟ್ಟಿನ ಮಿಲ್ಲಿನ ಶಬ್ದ. ಏನೂ ಕೇಳಿಸ್ನಿಲ್ಲ ಕಣಕ್ಕ."

ಅಷ್ಟರಲ್ಲಿ ಒಬ್ಬ ಒಳಗೆ ಬಂದ. ಮೂವತ್ತೈದರ ಆಸುಪಾಸು, ಕೈಯಲ್ಲಿ ಬಟ್ಟೆಯ ಗಂಟು. ಚಿಕ್ಕಸ್ವಾಮಿಯವರ ತಂಗಿಯ ಮಗ ತಿಮ್ಮರಾಜು, ಅದೇ ಕೇರಿಯವನು. ಅವನಿಗೂ ಚಾಕುಗಳ ಹುಚ್ಚಂತೆ. ಮಾವ ಹಚ್ಚಿದ್ದು. ಮೈಸೂರಿನ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಮಾವನ ಪಕ್ಕ ಕೂತಿದ್ದು, ಬಟ್ಟೆ ಒಯ್ಯಲು ಬಂದಿದ್ದ. ನಮಗೆ ನೀರು ಕೊಟ್ಟ.

"ಎಡಗೈಲಿ ಕೊಡ್ತಿವ್ನಿ, ತಪ್ಪು ತಿಳ್ಕಬ್ಯಾಡಿ," ಎಂದ. ಬಲಗೈಯ ನಾಲ್ಕು ಬೆರಳಿಗೂ ಬಿಳಿ ಪಟ್ಟಿ. "ನಿನ್ನೆ ಹುಲ್ಲು ಕೊಯ್ತಿದ್ದೆ. ಕುಡ್ಲು ಬಡ್ಕೊಳ್ತು. ಬಟ್ಟೆ ಕಟ್ಕತಿರೋವಾಗ್ಲೇ ಅತ್ತೆ ಕೂಗಿದ್ದು."

"ಪಾಪ," ಅಂದರು ಸಿದ್ದಲಿಂಗಮ್ಮ. "ಮಾವ ಎಂಗವ್ರೆ?"

"ಆಪರೇಷನ್ ಆಗದೆ. ಇವತ್ತು ಎಚ್ಚರ ಆಗ್ಬೋದು ಅಂದವ್ರೆ ಡಾಕ್ಟ್ರು." ಗಂಟು ಕಂಕುಳಿಗೆ ಸೇರಿಸಿದ. "ಅತ್ತೆ, ನೀನು ಬರಬ್ಯಾಡ. ಒಬ್ರನ್ನೇ ಒಳೀಕೆ ಬುಡೋದು. ನಾನೇ ಇರ್ತೀನಿ."

ಅವನ ಬೈಕು ಹೋಯಿತು. ಎಂಥ ಅಳಿಯ ಎಂದುಕೊಂಡೆ ನಾನು. ನನ್ನ ಅಳಿಯನೂ ಇದ್ದಾನೆ, ಕೇಳಬೇಡಿ.

ಸಿದ್ದಲಿಂಗಮ್ಮ ಬಾಗಿಲ ಚೌಕಟ್ಟಿನ ಎದುರು ನಿಂತಿದ್ದರು. ಸೊಂಟದೆತ್ತರದಲ್ಲಿ ಮರದ ಮೇಲೆ ರಕ್ತದ ಒಂದು ಗೆರೆ. ತೆಳ್ಳಗೆ, ನೆಟ್ಟಗೆ.

"ಕರಿಯಯ್ಯ ಓಡೋವಾಗ ಕೈ ಒರೆಸಿದ್ದಂತೆ. ಪೊಲೀಸ್ರು ಬರ್ಕಂಡವ್ರೆ," ಅಂದರು ಪುಟ್ಟತಾಯಮ್ಮ.

"ಕೈ ಒರೆಸಿದ್ರೆ ಇಂಗೆ ಗೀಟು ಬೀಳ್ತದಾ?" ಎಂದು ಸಿದ್ದಲಿಂಗಮ್ಮ ತಮ್ಮಷ್ಟಕ್ಕೆ ಕೇಳಿಕೊಂಡರು.

ಠಾಣೆಯ ಇನ್‌ಸ್ಪೆಕ್ಟರು ಒಂದು ಕಾಲದಲ್ಲಿ ಅವರ ಜೊತೆ ಕೆಲಸ ಮಾಡಿದವರು. ಹತ್ತು ನಿಮಿಷ ಕೊಟ್ಟರು. ಕರಿಯಯ್ಯ ಗೋಡೆಗಾತು ಕೂತಿದ್ದ. ಅರವತ್ತರ ಮುದುಕ. ಕೈಯಲ್ಲೆಲ್ಲ ಕಿಡಿ ಸಿಡಿದ ಕಪ್ಪು ಚುಕ್ಕೆಗಳು.

"ಕರಿಯಯ್ಯ, ಅಪ್ಪನ ಚಾಕಿಗೆ ಕೂಗಾಡ್ದಂತೆ?"

"ಹೂಂ ಅಕ್ಕಾ, ಕೂಗಾಡ್ದೆ. ನನ್ನ ಮಗಳು ಕುಲುಮೆ ಕೆಲಸ ಕಲೀತಾವ್ಳೆ. ಅವಳ ತಾತನ ಕೈಕೆಲಸ ಅವಳ ಕಣ್ಮುಂದಿರ್ಲಿ ಅಂತ. ಆಮೇಲೆ ಅವ್ರೇ ಒಪ್ಪಿದ್ರು. ನಿನ್ನೆ ಬೀರಿಂದ ತೆಗೆದು, ನಾ ತಂದ ಹೊಸದರ ಜೊತೆ ಮೇಜಿನ ಮೇಲೆ ಮಡಗಿದ್ರು. 'ಹೋಗೋವಾಗ ತಗಂಡೋಗು, ರಂಜಿತಂಗೆ' ಅಂದ್ರು."

"ಇದು ಇನ್ಯಾರಿಗೆ ಗೊತ್ತಿತ್ತು?"

"ಅವ್ರ ಅಳಿಯನಿಗೆ. ಆವಪ್ಪ ಎದುರ್ಗಿದ್ದಾಗ್ಲೇ ನಂಗೆ ಫೋನ್ ಮಾಡಿ ಏಳಿದ್ದು."

ಸಿದ್ದಲಿಂಗಮ್ಮ ಇನ್‌ಸ್ಪೆಕ್ಟರ ಕಡೆ ತಿರುಗಿ, ಅವನ ಚೀಲದಲ್ಲಿ ಸಿಕ್ಕಿದ್ದ, ಅವನೇ ಮಾಡಿದ ಇನ್ನೊಂದು ಚಾಕು ತರಿಸಿದರು. ಬಿಡಿಸಿದರು. ಹಿಡಿಯ ಸುತ್ತ ಬೆರಳು ಬಿಗಿದು ಮಡಚಲು ಹೋದರು.

"ಅಯ್ಯೋ, ಅಂಗಲ್ಲ!" ಕರಿಯಯ್ಯ ಚೀರಿದ. "ಬೆಟ್ಟು ಸುತ್ಬ್ಯಾಡಿ, ಕಚ್ತದೆ! ನನ್ನ ಸ್ಪ್ರಿಂಗು ಲಾರಿ ಪಟ್ಟೀದು, ಬಲು ಬಿಗಿ. ಅರ್ಧಕ್ಕೆ ಬಂದದ್ದೇ ತಡ, ಅದೇ ಎಳ್ಕಂಡು ಬಡೀತದೆ. ಹಿಡೀನ ಅಂಗೈ ಮೇಲೆ ಅಗಲಕ್ಕೆ ಮಡಿಕ್ಕಂಡು ಇನ್ನೊಂದ್ ಕೈಲಿ ಮಡಚ್ಬೇಕು. ಕೊಂಡೋರಿಗೆಲ್ಲ ಏಳ್ಕೊಟ್ಟೇ ಕಳಿಸ್ತೀನಿ."

"ಒಂದೇ ಕೈಲಿ ಮಡಚಿದ್ರೆ? ಅಲಗನ್ನ ಬಾಗ್ಲಿಗೆ ಒತ್ತಿ?"

"ನಾಲ್ಕು ಬೆಟ್ಟೂ ಕೊಯ್ದೋಯ್ತವೆ ಅಕ್ಕಾ."

ಸಿದ್ದಲಿಂಗಮ್ಮನ ಮುಖದ ಬಣ್ಣ ಬದಲಾಯಿತು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಕುಮಾರ, ನಿನ್ ಕೈ ತೋರ್ಸು. ಎಡಗೈ." ನನ್ನ ಕಿರುಬೆರಳಿನ ಹಳೆಯ ಗಾಯದ ಗುರುತು ಒತ್ತಿದರು. "ಇದು ಎಂಗಾದ್ದು?"

"ಚಿಕ್ಕಂದಿನಲ್ಲಿ ಹುಲ್ಲು ಕೊಯ್ಯೋವಾಗ—"

ಅವರು ಆಗಲೇ ಇನ್‌ಸ್ಪೆಕ್ಟರಿಗೆ ಏನೋ ಹೇಳುತ್ತಿದ್ದರು. ಆಸ್ಪತ್ರೆಯ ನಂಬರು ಹಿಡಿದರೆ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಇನ್‌ಸ್ಪೆಕ್ಟರೂ ಸೇರಿ ನಾವು ಮೂವರು ಜೀಪಿನಲ್ಲಿ ಮೈಸೂರಿಗೆ ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಆ ಕೋಣೆಯಲ್ಲಿ ಇರುವವರು ಇಬ್ಬರೇ. ಒಬ್ಬನಿಗೆ ಎಚ್ಚರವಾದರೆ ಇನ್ನೊಬ್ಬನ ಕಥೆ ಮುಗಿಯಿತು.

ಬಾಗಿಲು ಒಳಗಿನಿಂದ ಒರಗಿಸಿತ್ತು. ಸಿದ್ದಲಿಂಗಮ್ಮ ಮೆಲ್ಲಗೆ ತಳ್ಳಿದರು. ತಿಮ್ಮರಾಜು ಮಂಚದ ಮೇಲೆ ಬಗ್ಗಿದ್ದ. ಅವನ ಎಡಗೈ ಮಾವನ ಮೂಗಿನ ಆಕ್ಸಿಜನ್ ಮಾಸ್ಕಿನ ಮೇಲಿತ್ತು. ಮಾಸ್ಕು ಸರಿಮಾಡುತ್ತಿದ್ದನೋ, ಕೀಳುತ್ತಿದ್ದನೋ — ಇವತ್ತಿಗೂ ನನಗೆ ಗೊತ್ತಿಲ್ಲ.

"ಒಸಿ ಸರ್ಕೊಳಪ್ಪ, ನಾನೂ ನೋಡ್ತೀನಿ," ಎಂದು ಸಿದ್ದಲಿಂಗಮ್ಮ ಅವನಿಗೂ ಮಂಚಕ್ಕೂ ನಡುವೆ ಹೋಗಿ ಸ್ಟೂಲಿನ ಮೇಲೆ ಕೂತೇಬಿಟ್ಟರು. ಮಾಸ್ಕು ಸರಿಮಾಡಿದರು. ಚಿಕ್ಕಸ್ವಾಮಿಯವರ ಎದೆ ಏರಿಳಿಯುತ್ತಿತ್ತು.

"ತಿಮ್ಮರಾಜು, ಹುಲ್ಲು ಕೊಯ್ಯೋವಾಗ ಕುಡ್ಲು ಯಾವ ಕೈಲಿತ್ತಪ್ಪ?"

"ಬಲಗೈಲಿ. ಇನ್ಯಾವ ಕೈಲಿ ಹಿಡೀತಾರೆ?"

"ಹುಲ್ಲು?"

"ಎಡಗೈಲಿ."

"ಅಂಗಾದ್ರೆ ಗಾಯ ಬಲಗೈಗೆ ಎಂಗಾಯ್ತು?"

ಅವನು ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಸರಿಸಿದ.

"ಈ ಸೀಮೇಲಿ ಕುಡ್ಲು ಹಿಡಿದೋರಿಗೆಲ್ಲ ಗುರುತು ಇರೋದು ಎಡಗೈಲಿ. ಹುಲ್ಲು ಹಿಡ್ದ ಕೈಲಿ. ಕುಡ್ಲು ತನ್ನನ್ನ ಹಿಡಿದ ಕೈನ ಕೊಯ್ಯಾಕಿಲ್ಲ. ನಿನ್ನನ್ನ ಕೊಯ್ದದ್ದು ಕರಿಯಯ್ಯನ ಚಾಕು. ಮುದ್ದಯ್ಯನ ಕೊಂಬಿನ ಚಾಕು ಪರರ ಪಾಲಾಯ್ತದೆ ಅಂತ ನೀನು ಬಂದೆ. ಮಾವ ಬುಡ್ನಿಲ್ಲ. ಮೇಜಿನ ಮೇಲಿದ್ದ ಹೊಸ ಚಾಕು ತಗಂಡು ಚುಚ್ಚಿದೆ. ಎಡಗೈಲಿ ಕೊಂಬಿನ ಚಾಕು ಹಿಡ್ದಿದ್ದೆ, ಅದನ್ನ ಕೆಳಗಿಡೋಕೆ ಮನಸ್ಸು ಬರ್ನಿಲ್ಲ. ಹೊಸದನ್ನ ಬಲಗೈ ಒಂದ್ರಲ್ಲೇ ಬಾಗ್ಲಿಗೆ ಒತ್ತಿ ಮಡಚಿದೆ, ಕರಿಯಯ್ಯನ ಚೀಲಕ್ಕೆ ಹಾಕೋಕೆ. ಅದು ಕಚ್ತು. ಚೌಕಟ್ಟಿನ ಮೇಲಿರೋ ಗೀಟು ಅಲಗಿನ ಬೆನ್ನಿಂದು. ಚಾಕಿನ ಸಂದೀಲಿರೋ ರಕ್ತ ಟೆಸ್ಟ್ ಮಾಡಿಸಿದ್ರೆ ಇಬ್ಬರದು ಸಿಕ್ತದೆ. ಪಟ್ಟಿ ಬಿಚ್ಚು. ನಾಲ್ಕು ಬೆರಳಿಗೂ ಒಳಗಡೆ, ಒಂದೇ ಸಾಲಿಗೆ ಕೊಯ್ದಿರ್ಬೇಕು. ಬಿಚ್ತೀಯಾ?"

ಅವನು ಪಟ್ಟಿ ಬಿಚ್ಚಲಿಲ್ಲ. ಎಡಗೈ ಪ್ಯಾಂಟಿನ ಜೇಬಿಗೆ ಹೋಯಿತು. ಕಪ್ಪು ಕೊಂಬಿನ ಹಿಡಿ ಹೊರಬಂತು. ಹಲ್ಲಿನಿಂದ ಅಲಗು ಕಚ್ಚಿ ಎಳೆದ. ಟಕ್ ಎಂದಿತು. ನಾನು ಬಾಗಿಲಲ್ಲೇ ಕೂತುಬಿಟ್ಟೆ. ಹಿಂದಿದ್ದ ಇನ್‌ಸ್ಪೆಕ್ಟರು ನನ್ನನ್ನು ದಾಟಿ ಬರಬೇಕಾಯಿತು. ನಾಚಿಕೆಯ ಮಾತು, ಆದರೆ ನಡೆದದ್ದು ಅದೇ.

ಸಿದ್ದಲಿಂಗಮ್ಮ ಕೂತಲ್ಲಿಂದ ಏಳಲಿಲ್ಲ. "ಮುದ್ದಯ್ಯ ಮಾಡಿದ್ದಪ್ಪ ಅದು. ಐವತ್ತು ವರ್ಷದಿಂದ ಒಂದು ತುಕ್ಕಿಲ್ಲ. ಅದ್ಕೂ ರಕ್ತ ಬಳೀತೀಯಾ?"

ತಿಮ್ಮರಾಜು ಅಲಗನ್ನು ನೋಡಿದ. ತುಂಬ ಹೊತ್ತು ನೋಡಿದಂತೆ ನನಗನ್ನಿಸಿತು. "ಚಿಕ್ಕೋನಾಗಿಂದ ಒರೆಸಿ ಎಣ್ಣೆ ಹಚ್ತಿದ್ದೋನು ನಾನು," ಎಂದ. "ಒಂದು ಮಾತು ಕೇಳ್ದೆ ಬೇರೇರಿಗೆ ಕೊಟ್ಬುಡ್ತೀನಿ ಅಂದ್ರು." ಅಷ್ಟರಲ್ಲಿ ಇನ್‌ಸ್ಪೆಕ್ಟರು ಅವನ ಮಣಿಕಟ್ಟು ಹಿಡಿದಿದ್ದರು. ಅವನು ಕೊಸರಾಡಲಿಲ್ಲ.

ಸಂಜೆಯ ಹೊತ್ತಿಗೆ ಕರಿಯಯ್ಯನನ್ನು ಬಿಟ್ಟರು. ಠಾಣೆ ಎದುರಿನ ಟೀ ಅಂಗಡಿಯಲ್ಲಿ ರಂಜಿತ ಅಪ್ಪನ ತೋಳು ಬಿಡದೆ ಹಿಡಿದು ಕೂತಿದ್ದಳು. ಅವನು ಕೇಳಿದ ಮೊದಲ ಮಾತು, "ಅವ್ರು ಬದುಕ್ತಾರಾ ಅಕ್ಕಾ?"

"ಕಣ್ಣು ಬುಟ್ಟವ್ರೆ. ನಿನ್ನ ಎಸ್ರು ಕೇಳಿದ್ರಂತೆ," ಎಂದ ಸಿದ್ದಲಿಂಗಮ್ಮ ನಡೆದದ್ದನ್ನೆಲ್ಲ ಹೇಳಿದರು. ಕುಡುಗೋಲು, ಬಲಗೈ, ಕಚ್ಚುವ ಸ್ಪ್ರಿಂಗು. ಕೇಳುತ್ತ ಕೇಳುತ್ತ ಕರಿಯಯ್ಯನ ಮುಖ ಬಿಳುಚಿಕೊಂಡಿತು. ಟೀ ತುಳುಕಿ ಪಂಚೆಯ ಮೇಲೆ ಬಿತ್ತು.

"ಆ ಕಚ್ಚೋದನ್ನ ಸರಿಮಾಡ್ಲಾ ಅಂತ ಚಿಕ್ಕಸ್ವಾಮೋರು ವರ್ಸಾನುಗಟ್ಲೆ ಬೈತಿದ್ರು," ಎಂದ. "ಈ ಸಲ ಒಳೀಕೆ ಒಂದು ತಡೆ ಕೊಟ್ಟು, ಕಚ್ದಂಗೆ ಮಾಡ್ಕಂಡು ತರ್ತೀನಿ ಅಂತ ಮಾತು ಕೊಟ್ಟಿದ್ದೆ. ತಡೆಗೆ ಹಿತ್ತಾಳೆ ತುಂಡೂ ಕೊಯ್ದು ಮಡಗಿದ್ದೆ. ಮೊದಲ್ನೇ ಬಸ್ಸು ತಪ್ತದೆ ಅಂತ, ಹಾಕ್ದೆ ಅಂಗೇ ತಂದ್ಬುಟ್ಟೆ."

ರಂಜಿತ ಅವನ ಕೈಯಿಂದ ಟೀ ಲೋಟ ತೆಗೆದು ಪಕ್ಕಕ್ಕಿಟ್ಟಳು.

"ಹಾಕಿದ್ರೆ," ಎಂದು ಅವನು ಮಗಳ ಮುಖ ನೋಡಿದ, "ಹಾಕಿದ್ರೆ ನಾನು ಇನ್ನೂ ಒಳ್ಗೇ ಇರ್ತಿದ್ನಲ್ಲವ್ವಾ."