ಗದ್ದದ ಕೆಳಗಿನ ಬೆಳಕು

“ಗುಬ್ಬಿ, ಇವತ್ತು ನೀನು ಬಾ. ಎಲ್ಲರಿಗೂ ಕಾಣೋ ಹಾಗೆ ದೊಡ್ಡ ಸ್ಕ್ರೀನ್ ಮೇಲೆ ಬರಿ,” ಅಂದರು ಡ್ರಾಯಿಂಗ್ ಮಿಸ್.

ಕ್ಲಾಸಿನಲ್ಲೇ ಚಿಕ್ಕವಳು ಅಂತ ಗುಬ್ಬಿಗೆ ಆ ಹೆಸರು. ಈಗಂತೂ ಇನ್ನೂ ಚಿಕ್ಕವಳಾಗಿ ಬೆಂಚಿನಡಿ ಸೇರಿಕೊಂಡುಬಿಡೋಣ ಅನ್ನಿಸಿತು.

ಸ್ಟೂಲಿನ ಮೇಲೆ ಬಿಳಿ ಪ್ಲಾಸ್ಟರಿನ ತಲೆಯೊಂದು ಕೂತಿತ್ತು. ಯಾವುದೋ ಹಳೇ ಕಾಲದ ವೀರನಂತೆ. ಗುಂಗುರು ಕೂದಲು, ನೆಟ್ಟಗಿನ ಮೂಗು. ಹೋದ ವಾರ ಗುಬ್ಬಿ ಟ್ಯಾಬ್ಲೆಟ್‌ನಲ್ಲಿ ಮಾಡಿ ತಂದಿದ್ದ ಅದರ ಚಿತ್ರ ಥೇಟ್ ಹಾಗೇ ಇತ್ತು. ಮಿಸ್ ಅದನ್ನು ಎಕ್ಸಿಬಿಷನ್‌ಗೂ ಆರಿಸಿದ್ದರು.

ಆದರೆ ಅದು ನೋಡಿ ಬರೆದದ್ದಲ್ಲ. “ಫೋಟೋನ ಕೆಳಗಿನ ಲೇಯರ್‌ನಲ್ಲಿಡು, ಮೇಲಿನ ಲೇಯರ್‌ನಲ್ಲಿ ಗೆರೆ ಎಳಿ. ಆಮೇಲೆ ಫೋಟೋ ಅಳಿಸಿಬಿಟ್ರೆ ಯಾರಪ್ಪನಿಗೂ ಗೊತ್ತಾಗಲ್ಲ,” ಎಂದು ಅಕ್ಕ ಹೇಳಿಕೊಟ್ಟಿದ್ದಳು.

ಇವತ್ತು ಮಿಸ್ ಆ ಪ್ಲಾಸ್ಟರಿನ ತಲೆಯನ್ನು ಬೇರೆ ಕಡೆಗೆ ತಿರುಗಿಸಿಟ್ಟಿದ್ದರು. ಫೋಟೋ ಇರಲಿಲ್ಲ.

ಬೆವರಿದ ಬೆರಳಿನಲ್ಲಿ ಪೆನ್ನು ಜಾರಿತು. ಗುಬ್ಬಿ ಹೇಗೋ ಒಂದು ಕಣ್ಣು ಬರೆದಳು. ಅದಕ್ಕೆ ಉದ್ದುದ್ದ ರೆಪ್ಪೆ, ನಡುವೆ ಕಪ್ಪು ಗುಡ್ಡೆ.

“ಪ್ಲಾಸ್ಟರ್ ಅಂಕಲ್ ಮೇಕಪ್ ಮಾಡ್ಕೊಂಡಿದಾರೆ ಮಿಸ್,” ಅಂದ ಒಬ್ಬ. ಹಿಂದಿನ ಬೆಂಚು ಗೊಳ್ಳೆಂದಿತು.

ಗುಬ್ಬಿಯ ಕಿವಿ ಬಿಸಿಯಾಯಿತು. ಅನ್‌ಡೂ ಒತ್ತಿದಳು, ಒತ್ತಿದಳು, ಸ್ಕ್ರೀನ್ ಖಾಲಿಯಾಗುವವರೆಗೂ ಒತ್ತಿದಳು.

“ಕಣ್ಣು, ಮೂಗು ಅಂತ ಹೊರಡಬೇಡ,” ಅಂದರು ಮಿಸ್. “ಕಣ್ಣು ಅರ್ಧ ಮುಚ್ಚಿ ನೋಡು. ನೆರಳು ಎಲ್ಲಿದೆ? ಅಲ್ಲಿಂದ ಶುರು ಮಾಡು.”

ಗುಬ್ಬಿ ಕಣ್ಣು ಕಿರಿದು ಮಾಡಿದಳು. ಕೆನ್ನೆಯಿಂದ ಕತ್ತಿನವರೆಗೂ ಒಂದೇ ದೊಡ್ಡ ನೆರಳು ಕಂಡಿತು. ದಪ್ಪ ಬ್ರಷ್ ಆರಿಸಿ ಅಷ್ಟಕ್ಕೂ ಬೂದು ಬಣ್ಣ ಬಳಿದಳು. ಮತ್ತೆ ನೋಡಿದಳು. ಗದ್ದದ ಕೆಳಗೆ, ನೆರಳಿನ ಒಳಗೇ, ಮಬ್ಬಾದ ಬೆಳಕು. ಸ್ಟೂಲಿಗೆ ಹಾಸಿದ್ದ ಬಿಳಿ ಬಟ್ಟೆಯಿಂದ ಅದು ಮೇಲಕ್ಕೆ ಹೊಮ್ಮುತ್ತಿತ್ತು.

“ಇಲ್ಲಿ ಬೆಳಕಿದೆ ಮಿಸ್.”

“ಹೌದು. ಮತ್ತೆ ಹೋದ ವಾರದ ಚಿತ್ರದಲ್ಲಿ ಅಲ್ಲಿ ಪೂರ್ತಿ ಕಪ್ಪಾಗಿತ್ತಲ್ಲ?”

ಸುಳ್ಳೊಂದು ಗುಬ್ಬಿಯ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡಳು.

“ಅದು ಫೋಟೋ ಮೇಲೆ ಎಳೆದದ್ದು ಮಿಸ್. ಫೋಟೋದಲ್ಲಿ ಕಪ್ಪಾಗೇ ಇತ್ತು. ನಾನು ನೋಡೇ ಇರಲಿಲ್ಲ.”

ಹಿಂದಿನ ಬೆಂಚಿನವರು ತಲೆಯೆತ್ತಿ ನೋಡಿದರು.

“ಹಾಗಾದ್ರೆ ಅದನ್ನ ಎಕ್ಸಿಬಿಷನ್‌ನಲ್ಲಿ ಇಡೋಕಾಗಲ್ಲ,” ಅಂದರು ಮಿಸ್.

ಗುಬ್ಬಿ ಹೂಂ ಎಂದು ತಲೆಯಾಡಿಸಿದಳು. ಪೆನ್ನು ಕೆಳಗಿಡಲು ಹೋದಳು.

“ಬೆಲ್ ಆಗೋಕೆ ಇನ್ನೂ ಟೈಮಿದೆ, ಬರಿ,” ಎಂದು ಮಿಸ್ ಕುರ್ಚಿ ಎಳೆದುಕೊಟ್ಟರು.

ಬೆಲ್ ಆದಾಗ ಗೆಳತಿಯೊಬ್ಬಳು ಪಕ್ಕಕ್ಕೆ ಬಂದು ಪಿಸುಗುಟ್ಟಿದಳು, “ಮೂಗು ಸೊಟ್ಟಗಿದೆ ಕಣೇ.”

“ಹೂಂ, ಗೊತ್ತು,” ಅಂದಳು ಗುಬ್ಬಿ. ಸ್ಕ್ರೀನಿನ ಕಡೆ ತಿರುಗಲಿಲ್ಲ. ಕಣ್ಣು ಕಿರಿದು ಮಾಡಿಕೊಂಡು ಇನ್ನೂ ಆ ಪ್ಲಾಸ್ಟರಿನ ಮೂಗನ್ನೇ ನೋಡುತ್ತಿದ್ದಳು.