ಬಿಳಿಚಿದ ಎಲೆಗಳ ನಡುವೆ

"ಬೀಜದ ಕಂಪನಿಯೋರಿಗೆ ನಾವು ಏನೂ ಕೊಡಂಗಿಲ್ರೀ," ಎಂದ ಸಂಗಮೇಶ್, ಪಾಲಕ್ ಮಡಿಯಿಂದ ತಲೆ ಎತ್ತದೆ.

"ನಾನು ಕಂಪನಿಯವಳಲ್ಲ. ಇಲ್ಲೇ ಮುಂದಿನ ಕುಪ್ಪಗಡ್ಡೆ ಊರಿನವಳು. ಹೆಸರು ಕರುಣಾ."

ಆಗ ತಲೆ ಎತ್ತಿದ. ಬಿಸಿಲಿಗೆ ಕಣ್ಣು ಕಿರಿದಾಗಿಸಿಕೊಂಡು ನಿಂತಿದ್ದವಳ ಮುಖದಲ್ಲಿ ಕೋಪಕ್ಕಿಂತ ನಗುವೇ ಹೆಚ್ಚಿತ್ತು.

ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಅವಳ ಸಂಶೋಧನೆ. ಎಲೆಯನ್ನು ಹಸಿರಾಗಿಡುವ ಕ್ಲೋರೋಪ್ಲಾಸ್ಟ್‌ನೊಳಗೆ ಹೊಸ ಜೀನ್ ಸೇರಿಸಿ, ಪಾಲಕ್ ಸೊಪ್ಪಿನಲ್ಲಿ ಕಬ್ಬಿಣದ ಅಂಶ ಹೆಚ್ಚಿಸುವ ಪ್ರಯತ್ನ. ಅದಕ್ಕೆ ಸಂಗಮೇಶನ ತಾಯಿ ನೀಲಾಂಬಿಕ ಶಿಕಾರಿಪುರದ ಈ ಹೊಲದಲ್ಲಿ ಇಪ್ಪತ್ತು ವರ್ಷದಿಂದ ಕಾಪಾಡಿಕೊಂಡು ಬಂದ ಬೀಜ ಬೇಕಿತ್ತು.

"ಜೀನ್ ಹೆಂಗ್ ಸೇರಿಸ್ತೀರಿ?"

"ಚಿನ್ನದ ಸಣ್ಣ ಕಣಗಳಿಗೆ ಅಂಟಿಸಿ, ಎಲೆಗೆ ಗುಂಡಿನ ಹಾಗೆ ಹೊಡೀತೀವಿ."

"ನಮ್ಮವ್ವನ ಪಾಲಕ್‌ಗೆ ಗುಂಡಾ? ಅದೂ ಚಿನ್ನದ್ದು!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನು ಮೆಲ್ಲಗೆ ಕೇಳಿದ, "ಗಾಳಿಗೆ ಪರಾಗ ಹಾರಿ ಬಂದು ನಮ್ ಬೀಜ ಕೆಟ್ರೆ?"

"ಗಿಡ ಲ್ಯಾಬ್ ಬಿಟ್ಟು ಹೊರಗೆ ಬರಲ್ಲ. ಕ್ಲೋರೋಪ್ಲಾಸ್ಟ್ ಸಾಮಾನ್ಯವಾಗಿ ತಾಯಿ ಗಿಡದಿಂದಲೇ ಬರುತ್ತೆ, ಪರಾಗದಿಂದಲ್ಲ. ಆದ್ರೆ ಯಾವತ್ತೂ ಬರೋದೇ ಇಲ್ಲ ಅಂತ ನಾನು ಹೇಳಲ್ಲ ರೀ."

ಆ ಕೊನೆಯ ಮಾತಿಗೇ ಅವನು ಸೋತ. ಬೀಜ ಕೊಟ್ಟ.

ಗಾಜಿನ ತಟ್ಟೆಯ ಔಷಧಿಯಲ್ಲಿ ಜೀನ್ ಹಿಡಿಯದ ಎಲೆಚೂರು ಬಿಳಿಚಿಕೊಳ್ಳುತ್ತದೆ, ಹಿಡಿದದ್ದು ಹಸಿರಾಗಿ ಚಿಗುರುತ್ತದೆ. ಒಂದೂವರೆ ವರ್ಷ ಕಳೆದರೂ ಕರುಣಾಳ ತಟ್ಟೆಗಳೆಲ್ಲ ಬಿಳಿ. ಭಾನುವಾರ ಊರಿಗೆ ಹೋಗುವಾಗ ಶಿಕಾರಿಪುರದಲ್ಲಿ ಇಳಿದು ಅವನಿಗೆ ಸುದ್ದಿ ಹೇಳುವಳು. ಅವನು ಸಮಾಧಾನದ ಮಾತೇನೂ ಆಡದೆ, ಟೀ ಕೊಟ್ಟು ಪಕ್ಕದಲ್ಲಿ ಕೂರುವನು.

"ಇನ್ನು ಮೂರು ತಿಂಗಳಷ್ಟೇ ರೀ. ಆಮೇಲೆ ಪ್ರಾಜೆಕ್ಟ್ ಮುಚ್ತಾರೆ. ಹೈದರಾಬಾದ್‌ನಲ್ಲಿ ಕೆಲಸ ಇದೆ ಅಂತಿದ್ದಾರೆ," ಎಂದಳು ಒಂದು ಭಾನುವಾರ.

ಹೋಗಬೇಡಿ ಎನ್ನಲು ಬಾಯಿ ತೆರೆದವನು, "ನೀವು ಒಯ್ದಿದ್ದು ಅಗಲ ಎಲೆ ಗಿಡದ ಬೀಜ ಅಲ್ರೀ?" ಎಂದ. "ಹೊಲದ ಮೂಲ್ಯಾಗ ಸಣ್ಣೆಲೆದು ಐತಿ. ನೋಡಾಕ ಚಂದಿಲ್ಲ. ಆದ್ರ ಕೊಯ್ದ ಮೂರೇ ದಿನಕ್ಕೆ ಮತ್ತ ಚಿಗುರ್ತೈತಿ."

ತಟ್ಟೆಯಲ್ಲಿ ಕತ್ತರಿಸಿದ ಎಲೆ ಮತ್ತೆ ಚಿಗುರಬೇಕು. ಅವಳಿಗೆ ಬೇಕಿದ್ದದ್ದೂ ಅದೇ.

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಚಂದದ್ದೇ ಕೇಳಿದ್ರಲ್ಲ."

ಸಣ್ಣೆಲೆಯ ಬೀಜ ಒಯ್ದ ಹನ್ನೊಂದನೇ ವಾರ ಅವಳ ಫೋನ್ ಬಂತು. ಸಂಗಮೇಶ್ ಮೊದಲ ಬಸ್ಸಿಗೇ ಹೊರಟ.

ಲ್ಯಾಬಿನ ತಟ್ಟೆಯಲ್ಲಿ, ಬಿಳಿಚಿದ ಚೂರುಗಳ ನಡುವೆ ಉಗುರಿನಷ್ಟು ಹಸಿರು ಚಿಗುರು. "ಟೆಸ್ಟ್‌ನಲ್ಲೂ ಜೀನ್ ಇದೆ ಅಂತ ಬಂತು. ಪ್ರಾಜೆಕ್ಟ್ ಉಳೀತು ರೀ," ಎನ್ನುವಾಗ ಅವಳ ಕಣ್ಣು ತುಂಬಿತ್ತು. ಅವನು ಮನಸ್ಸಿನಲ್ಲೇ ಆ ಚಿಗುರಿಗೆ ಕೈ ಮುಗಿದ.

"ಪ್ರಬಂಧದ ಕೊನೇಲಿ ಸಹಾಯ ಮಾಡಿದವರ ಹೆಸರು ಬರೀತೀವಿ. ನಿಮ್ಮಮ್ಮನ ಹೆಸರು ಬರೆದೆ. ನಿಮ್ಮ ಹೆಸರಿನ ಮುಂದೆ ಏನು ಬರೀಬೇಕೋ ಗೊತ್ತಾಗ್ಲಿಲ್ಲ."

"ರೈತ ಅಂತ ಬರೀರಿ."

"ಸಾಲಲ್ಲ." ಅವಳ ನೋಟ ತಟ್ಟೆಯಿಂದ ಕದಲಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. "ಅಚ್ಚಾಗೋಕೆ ಇನ್ನೊಂದು ವರ್ಷ ಬೇಕು. ಅಷ್ಟರಲ್ಲಿ 'ನಮ್ಮನೆಯವರು' ಅಂತ ಬರೆಯೋ ಹಾಗಾದ್ರೆ?"

ಸಂಗಮೇಶ್ ಅವಳ ಕೈ ಹಿಡಿದುಕೊಂಡ.

"ಒಂದು ವರ್ಷ ಯಾಕ್ ಬೇಕ್ರೀ?" ಎಂದ.